ಮುರಿದ ಕೈಯ ಡೊಳ್ಳಿನವನು

ನಮ್ಮ ಸೀಮೆಯಲ್ಲಿ ಈಗ ಮನೆ ಕಟ್ಟಿಸಿದವರು ಗೋಡೆಯನ್ನು ಬರೀ ಗೋಡೆಯಾಗಿರಲು ಬಿಡುವುದಿಲ್ಲ. ಬೇಕಾದರೆ ಜಮಖಂಡಿಯಿಂದ ಮುಧೋಳದ ತನಕ, ಅಲ್ಲಿಂದ ಬೀಳಗಿಯ ತನಕ ಬಸ್ಸಿನ ಕಿಟಕಿಯ ಪಕ್ಕ ಕೂತು ನೋಡುತ್ತ ಹೋಗಿ. ಮೊದಲು ಗೇಟಿನ ಎರಡೂ ಕಡೆ ಸಿಮೆಂಟಿನ ಸಿಂಹ ಕೂಡುತ್ತಿದ್ದವು, ಮುಖ ಮಾತ್ರ ನಾಯಿಯದು. ಆಮೇಲೆ ನವಿಲು ಬಂತು. ಈಗ ಉಬ್ಬುಶಿಲ್ಪದ ಕಾಲ. ಹಳೆಯ ಗುಡಿ, ಗುಹೆಗಳ ಕಲ್ಲಿನಲ್ಲಿರುವ ಮೂರ್ತಿಗಳ ನಕಲನ್ನು ಸಿಮೆಂಟಿನಲ್ಲೋ ಫೈಬರಿನಲ್ಲೋ ಮಾಡಿಸಿ ಅಂಗಳದ ಗೋಡೆಗೆ ಹಚ್ಚುತ್ತಾರೆ. ಹೂದೋಟದ ಕಾರಂಜಿಯ ಹಿಂದೆ ಹಚ್ಚುತ್ತಾರೆ. ಊಟದ ಮನೆಯಲ್ಲಿ ಕೈ ತೊಳೆಯುವ ಬೇಸಿನ್ನಿನ ಮೇಲೆ ಹಚ್ಚಿದವರನ್ನೂ ನಾನು ಕಂಡಿದ್ದೇನೆ.

ಜಮಖಂಡಿಯಲ್ಲಿ ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪರದೇಶದ ಹಳೇ ಶಿಲ್ಪದ ನಕಲು ತರಿಸಿದ್ದರು. ಕುದುರೆಗಳು, ಗುಂಗುರು ಗಡ್ಡದ ಗಂಡಸರು, ಸ್ನಾನಕ್ಕೆ ಹೊರಟ ಹೆಂಗಸರು. ಎರಡನೇ ದಿನಕ್ಕೆ ಆ ಮನೆಯ ಹಿರಿಯಾಕೆ ಹೆಂಗಸರ ಮೇಲೆ ತನ್ನ ಹಳೇ ಇಳಕಲ್ ಸೀರೆ ಇಳಿಬಿಟ್ಟಿದ್ದಳು. ಆ ದಾರಿಯಲ್ಲಿ ಹೋಗುತ್ತಿದ್ದ ನಾನು ಗೇಟಿನೊಳಗೆ ಇಣುಕಿದೆ.

"ಯಕ್ಕಾ, ಗಂಡಸರಿಗೂ ಒಂದೊಂದು ಧೋತರಾ ಕೊಡ್ರಿ. ಥಂಡಿ ಬಿದ್ದೈತಿ."

ಆಕೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಬನಹಟ್ಟಿಯ ನೇಕಾರ. ಐವತ್ತು ವರ್ಷ ಮಗ್ಗ ನಡೆಸಿದವನು. ಊರಿನಲ್ಲಿ ಯಾರ ಚಪ್ಪಲಿ ಅದಲುಬದಲಾದರೂ ಮೊದಲು ನನ್ನ ಬಾಗಿಲಿಗೆ ಬರುತ್ತಾರೆ, ಅಷ್ಟು ಹೆಸರು ಗಳಿಸಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ಅವರ ಅಂದಾಜು ಸರಿಯಾಗಿರುತ್ತದೆ. ಇಂಥ ನನ್ನ ಬಾಯಿ ಮುಚ್ಚಿಸಿದವಳು ನನ್ನ ಸೊಸೆ. ಅದೂ ಒಂದು ಮಾತು ಜೋರಾಗಿ ಆಡದೆ.

ಸೊಸೆ ಬೀಳಗಿಯ ಹುಡುಗಿ. ಶಿಲ್ಪ ಕಲಿತವಳು. ಮಣ್ಣಿನಲ್ಲಿ ಮೂರ್ತಿ ಎಬ್ಬಿಸಿ, ಅದರ ಮೇಲೆ ರಬ್ಬರಿನ ಅಚ್ಚು ತೆಗೆದು, ಸಿಮೆಂಟು ಮತ್ತು ಕಲ್ಲಿನ ಪುಡಿ ಕಲಸಿ ಎರಕ ಹೊಯ್ಯುತ್ತಾಳೆ. ನಮ್ಮ ಶೆಡ್ಡಿನಲ್ಲಿ ನಾಲ್ಕು ಮಗ್ಗ ಇದ್ದವು. ಎರಡು ಹಳತಾಗಿ ಗುಜರಿಗೆ ಹೋದವು. ಖಾಲಿಯಾದ ಅರ್ಧ ಜಾಗದಲ್ಲಿ ಆಕೆ ಮಣ್ಣು, ಪೀಪಾಯಿ, ಹಲಗೆ ಇಟ್ಟುಕೊಂಡು ಕೂತಳು. ಒಂದು ಕಡೆ ಎರಡು ಮಗ್ಗಗಳ ಖಟಖಟ, ಇನ್ನೊಂದು ಕಡೆ ಸದ್ದೇ ಇಲ್ಲದ ಕೆಲಸ.

ಮೊದಲು ಮಾಡಿದ್ದು ಆಕಾಶದಲ್ಲಿ ಹಾರುವ ಗಂಡಹೆಂಡಿರ ಒಂದು ಹಲಗೆ, ಹಳೆಯ ಗುಡಿಯ ಉಬ್ಬುಶಿಲ್ಪವೊಂದರ ನಕಲು. ಅದನ್ನು ತೇರದಾಳದ ನಮ್ಮ ಸಂಬಂಧಿಕರು ಆಸೆಪಟ್ಟು ಒಯ್ದು ಪಡಸಾಲೆಗೆ ಹಚ್ಚಿದರು. ಎಂಟು ದಿನಕ್ಕೆ ವಾಪಸ್ಸು ತಂದರು. ಮೂಲದ ಕಲ್ಲಿನಲ್ಲಿ ಆ ಹೆಂಗಸಿನ ಮೂಗು ಮುಕ್ಕಾಗಿತ್ತು, ಸೊಸೆ ಅದನ್ನು ಹಾಗೆಯೇ ಮಾಡಿದ್ದಳು. ಮುಕ್ಕಾದ ಮೂರ್ತಿ ಮನೆಯಲ್ಲಿರಬಾರದು ಎಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ದೇವರ ಕೋಣೆಯ ಮೂರ್ತಿ ಚೂರು ಸವೆದರೂ ಹೊಳೆಗೆ ಬಿಟ್ಟು ಬರುವ ಜನ ನಾವು. ಆ ಮನೆಯಲ್ಲಿ ಆ ವಾರ ಒಂದು ಮಗುವಿಗೆ ಜ್ವರ ಬೇರೆ ಬಂದಿತ್ತು.

ನನ್ನ ಮಗ ಒಳ್ಳೆಯವನು, ಆದರೆ ನಗುವುದಿಲ್ಲ. ನನ್ನಂಥವನ ಮನೆಯಲ್ಲಿ ಬೆಳೆದವನಿಗೆ ಯಾರಾದರೂ ನಕ್ಕರೆ ಮೊದಲು ಅನುಮಾನವೇ ಬರುತ್ತದೆ. ಅವನು ವಾಪಸ್ಸು ಬಂದ ಹಲಗೆಯನ್ನು ಗೋಡೆಗೆ ಒರಗಿಸಿ ಹೆಂಡತಿಗೆ ಹೇಳಿದ.

"ಇನ್ನೊಂದ ಹಲಗಿ ಮಾಡು. ಯಾರದರ ಗ್ವಾಡಿಗೆ ಏರಿ, ಮನಿಮಂದಿ ಒಲ್ಲೆ ಅನ್ನದ ಅಲ್ಲೇ ಉಳೀತಂದ್ರ ಈ ಜಾಗಾ ನಿಂದು. ಅದೂ ಹೊಳ್ಳಿ ಬಂತಂದ್ರ ದೀಪಾವಳಿಗೆ ಇಲ್ಲಿ ಎರಡ ಮಗ್ಗ ಹಾಕಸ್ತೀನಿ. ಆಮ್ಯಾಗ ಸಿಟ್ಟಾಗಬ್ಯಾಡ."

"ಆತ್ರಿ" ಅಂದಳು. ಅಷ್ಟೇ. ಆದರೆ ಆ ದಿನ ಆಕೆ ಮಣ್ಣಿನ ಪೀಪಾಯಿಯ ಪಕ್ಕ ಕೂತು ಒಂದೇ ಮುದ್ದೆಯನ್ನು ಮತ್ತೆ ಮತ್ತೆ ನಾದಿದ್ದನ್ನು ನಾನು ಮಗ್ಗದ ಸಂದಿಯಿಂದ ನೋಡಿದೆ.

ಗಿರಾಕಿಯನ್ನು ನಾನು ಹುಡುಕಿದೆ. ಈ ಊರಲ್ಲಿ ನನಗಿಂತ ಚೆನ್ನಾಗಿ ಜನರನ್ನು ಒಪ್ಪಿಸುವವರು ಯಾರಿದ್ದಾರೆ? ಸಮೀರವಾಡಿಯ ಹತ್ತಿರ ಕಬ್ಬು ಮತ್ತು ಕುರಿ ಎರಡೂ ಇರುವ ನನ್ನ ಗೆಳೆಯ ತೋಟದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ಬೀರೇಶ್ವರನ ಒಕ್ಕಲು. ತಲೆತಲಾಂತರದಿಂದ ದೇವರ ಮುಂದೆ ಡೊಳ್ಳು ಬಾರಿಸುವ ಮನೆತನ. ಸಾಲಿಯಲ್ಲಿ ನನ್ನ ಜೊತೆ ಕೂತವನು. ಅರವತ್ತು ವರ್ಷದಿಂದ ನನ್ನ ಎಲ್ಲ ಕಿತಾಪತಿಗೆ ಮೊದಲು ಸಿಕ್ಕುವವನು ಅವನೇ.

"ಲೇ ದೋಸ್ತ, ತ್ವಾಟದ ಗ್ವಾಡಿಗೆ ನನ್ನ ಸೊಸಿ ಕಡಿಂದ ಗೊಂಬಿ ಮಾಡಸು. ಬಂದ ಬೀಗರಿಗೆ ನಿನ್ನ ಮಾರಿ ನೋಡೂ ತ್ರಾಸ ತಪ್ಪತೈತಿ."

"ಮಾಡಸ್ತೀನಿ. ಖರೆ ಮುಕ್ಕಾಗಿದ್ದು ತಂದಿ ಅಂದ್ರ ನಿನ್ನನ್ನೂ ಅದನ್ನೂ ಒಂದ ಚೀಲದಾಗ ಹಾಕಿ ಹೊಳ್ಯಾಗ ಒಗೀತೀನಿ."

ತೇರದಾಳದ ಸುದ್ದಿ ಅಲ್ಲಿಗೂ ಮುಟ್ಟಿತ್ತು.

ಹೊಸ ಹಲಗೆಗೆ ಮೂಲದ ಶಿಲ್ಪವನ್ನು ಅಳೆದು ಬರೆದುಕೊಳ್ಳಬೇಕೆಂದು ಸೊಸೆ ಬಾದಾಮಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಬಾದಾಮಿ ನನಗೇನು ಹೊಸದೇ? ನೇಕಾರರಿಗೆ ಬನಶಂಕರಿ ಕುಲದೇವತೆ. ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಕೈ ಮುಗಿದು, ಬುತ್ತಿ ಬಿಚ್ಚಿ ಉಂಡು, ಬಸ್ಸು ಹತ್ತಿ ಬಂದದ್ದೇ. ಅಲ್ಲೇ ಗುಡ್ಡದಲ್ಲಿ ಗುಹೆಗಳಿವೆ ಎಂದು ಗೊತ್ತು. ಹತ್ತಿ ನೋಡಿರಲಿಲ್ಲ. ಕಲ್ಲು ಅಲ್ಲವೇ, ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆ.

ಮೊದಲ ಗುಹೆಯ ಮುಂದೆ ನಿಂತಾಗ ಹದಿನೆಂಟು ಕೈಗಳ ಶಿವ ಬಂಡೆಯೊಳಗಿಂದ ಕುಣಿಯುತ್ತ ಹೊರಗೆ ಬರುತ್ತಿದ್ದ. ನಾನು ಏನೋ ಚೇಷ್ಟೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ನಾನು ಐವತ್ತು ವರ್ಷ ಬಟ್ಟೆ ನೇಯ್ದವನು. ಬಟ್ಟೆ ಹೇಗೆ ಬೀಳುತ್ತದೆ, ಸೊಂಟಕ್ಕೆ ಬಿಗಿದಾಗ ನೆರಿಗೆ ಎಲ್ಲಿ ಕೂಡುತ್ತದೆ, ಕುಣಿದರೆ ಸೆರಗು ಎತ್ತ ಹಾರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಲ್ಲಿ ಕಲ್ಲು ಅದನ್ನೆಲ್ಲ ತಿಳಿದುಕೊಂಡಿತ್ತು. ಗಂಟು ಹಾಕಿದ ಕಡೆ ಬಿಗಿ, ತುದಿಯಲ್ಲಿ ಸಡಿಲ. ಯಾವ ಪುಣ್ಯಾತ್ಮನೋ, ಸಾವಿರ ವರ್ಷಕ್ಕೂ ಹಿಂದೆ, ಸುತ್ತಿಗೆಯಿಂದ ಹೊಡೆದು ಅರಿವೆ ಇಳಿಬಿಟ್ಟಿದ್ದ.

"ಮಾವಾರ, ಇಲ್ಲಿ ಕೆಳಗ ನೋಡ್ರಿ" ಎಂದು ಸೊಸೆ ಕರೆದಳು.

ಕೆಳಗೆ, ಜಗಲಿಯ ಅಂಚಿಗೆ, ಮೊಳಕಾಲಿನಷ್ಟು ಎತ್ತರದಲ್ಲಿ ಕುಳ್ಳರ ಒಂದು ಸಾಲು. ಶಿವನ ಗಣಗಳು. ಡೊಳ್ಳು ಹೊಟ್ಟೆ, ಗಿಡ್ಡ ಕಾಲು. ಒಬ್ಬ ಕುಂಡೆ ತಿರುಗಿಸಿ ಕುಣಿಯುತ್ತಾನೆ, ಒಬ್ಬ ಪಕ್ಕದವನನ್ನು ನೋಡಿ ಹಲ್ಲು ಕಿರಿಯುತ್ತಾನೆ, ಒಬ್ಬ ಕೊಳಲಿಗೆ ಗಲ್ಲ ಉಬ್ಬಿಸಿದ್ದಾನೆ. ಒಬ್ಬನಂತೆ ಇನ್ನೊಬ್ಬನಿಲ್ಲ. ಅಷ್ಟು ದೊಡ್ಡ ದೇವರನ್ನು ಮೇಲೆ ನಿಲ್ಲಿಸಿ, ಕಾಲಿನ ಬುಡದಲ್ಲಿ ಯಾರೋ ಮನಸಾರೆ ಕಿತಾಪತಿ ಮಾಡಿದ್ದ. ಯಾರೂ ಅವನ ಕೈ ಹಿಡಿದಿರಲಿಲ್ಲ. ನಾನು ಮಂಡಿಯೂರಿ ಕೂತೆ. ಈ ವಯಸ್ಸಿನಲ್ಲಿ ನನ್ನ ಮಂಡಿ ದೇವರಿಗೂ ಬಾಗುವುದಿಲ್ಲ, ಆ ಕುಳ್ಳರಿಗೆ ಬಾಗಿತು. ನನ್ನ ಜಾತಿಯವರು, ನನ್ನಂಥ ತುಂಟರು, ಇಷ್ಟು ಹಿಂದೆಯೇ ಇದ್ದರು, ನನಗಿಂತ ನೂರು ಪಾಲು ಮೇಲಿದ್ದರು ಎಂದು ಮೊದಲ ಸಲ ಗೊತ್ತಾಯಿತು. ಒಂದು ಮಂಗ ನನ್ನ ಬುತ್ತಿಯ ಚೀಲ ಕಸಿದುಕೊಂಡು ಹೋದದ್ದೂ ನನಗೆ ತಿಳಿಯಲಿಲ್ಲ. ಆಮೇಲೆ ಸೊಸೆ ಹೇಳಿದಳು.

ಆಕೆ ಐದು ಗಣಗಳನ್ನು ಆರಿಸಿಕೊಂಡಳು. ನಡುವಿನವನು ಹೊಟ್ಟೆಗೆ ಡೊಳ್ಳು ಕಟ್ಟಿಕೊಂಡವನು. ಎಡಗೈ ಡೊಳ್ಳಿನ ಮೇಲಿತ್ತು. ಬಲಗೈ ಮೊಣಕೈಯಿಂದ ಮೇಲಕ್ಕೇ ಮುರಿದುಹೋಗಿತ್ತು. ಮೂಗೂ ಇರಲಿಲ್ಲ.

"ತಂಗೀ, ಅಂವನ್ನ ಬಿಡು. ನನ್ನ ದೋಸ್ತ ಒಪ್ಪೂದಿಲ್ಲ."

"ಅಂವಾ ಇಲ್ಲಾಂದ್ರ ಉಳಿದ ನಾಕ ಮಂದಿ ಯಾಕ ಕುಣ್ಯಾಕತ್ತಾರ್ರಿ ಮಾವಾರ?"

ನಾನು ಅಳತೆಯ ಪಟ್ಟಿಯ ಇನ್ನೊಂದು ತುದಿ ಹಿಡಿದೆ.

ಹದಿನೈದು ದಿನದಲ್ಲಿ ಮಣ್ಣಿನ ಹಲಗೆ ಎದ್ದು ನಿಂತಿತು. ಒದ್ದೆ ಬಟ್ಟೆ ಹೊದಿಸಿ, ಅಚ್ಚು ತೆಗೆಯುವುದನ್ನು ಬಂದ ಮೇಲೆ ಮಾಡುತ್ತೇನೆಂದು ಸೊಸೆ ಎರಡು ದಿನ ತವರಿಗೆ ಹೋದಳು. ನನಗೆ ತಡೆಯಲಾಗಲಿಲ್ಲ. ಗೆಳೆಯ ಒಪ್ಪದಿದ್ದರೆ ಆಕೆಯ ಜಾಗ ಹೋಗುತ್ತದೆ, ಅದೊಂದು. ಇನ್ನೊಂದು ಕಾರಣ ನೇಕಾರರಿಗೆ ಮಾತ್ರ ತಿಳಿಯುವಂಥದ್ದು. ಹರಿದ ಎಳೆ ಕಂಡರೆ ನಮ್ಮ ಕೈ ತಾನಾಗಿಯೇ ಹೋಗುತ್ತದೆ. ಬೆರಳಿಗೆ ಉಗುಳು ಹಚ್ಚಿ, ಹೊಸೆದು, ಗಂಟು ಕಾಣದ ಹಾಗೆ ಕೂಡಿಸಿದ ಮೇಲೆಯೇ ಉಸಿರು. ಹರಿದದ್ದನ್ನು ಹರಿದ ಹಾಗೆ ಬಿಟ್ಟು ಎದ್ದು ಹೋದ ನೇಕಾರನನ್ನು ನಾನು ಕಂಡಿಲ್ಲ. ಐವತ್ತು ವರ್ಷ ಹೀಗೆ ಬದುಕಿದ ಕೈಗೆ ಮುರಿದ ಕೈಯೊಂದು ಎದುರಿಗೆ ಸಿಕ್ಕರೆ ಏನು ಮಾಡೀತು?

ಬಟ್ಟೆ ಸರಿಸಿ ಮಣ್ಣು ತೆಗೆದುಕೊಂಡೆ. ಕೈ ಮಾಡಿದೆ. ಡೊಳ್ಳಿನ ಮೇಲೆ ಎರಡೂ ಕೈ ಜೋಡಿಯಾಗಿ ಇಟ್ಟೆ. ಐದೂ ಬೆರಳು, ಉಗುರು ಸಹಿತ. ಆಮೇಲೆ ಮೂಗು. ಯಾರ ಮೂಗು ಇಡಬೇಕು ಎಂದು ಯೋಚನೆ ಬಂತು. ಶೆಡ್ಡಿನಲ್ಲಿ ಇದ್ದದ್ದು ನಾನೊಬ್ಬನೇ. ಕನ್ನಡಿ ತಂದು ನನ್ನದನ್ನೇ ಇಟ್ಟೆ, ತುದಿಯಲ್ಲಿ ಸ್ವಲ್ಪ ದಪ್ಪ. ಹೆಂಡತಿ ಚಹಾ ತಂದವಳು ನೋಡಿ, "ಛಲೋ ಆತು, ಇಷ್ಟ ದಿನಾ ಮನ್ಯಾಗ ಒಬ್ಬಾಂವ ಇದ್ದ, ಈಗ ಇಬ್ಬರಾದ್ರಿ" ಅಂದಳು.

ಸೊಸೆ ಬಂದು ಬಟ್ಟೆ ತೆಗೆದಳು. ಬೈಯುತ್ತಾಳೆಂದು ಕಾದೆ. ಅತ್ತರೂ ಸಮಾಧಾನ ಮಾಡಲು ಒಂದು ಮಾತು ಸಿದ್ಧ ಇಟ್ಟುಕೊಂಡಿದ್ದೆ. ಆಕೆ ಆ ಹೊಸ ಕೈಯನ್ನು ನೋಡುತ್ತ ನಿಂತಳು.

"ಮಾವಾರ, ಆ ಕೈ ಎಲ್ಲಿತ್ತು ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಡೊಳ್ಳ ಐತಿ, ಕೈ ಡೊಳ್ಳಿನ ಮ್ಯಾಲ ಇರ್ತೈತಿ. ಮತ್ತೆಲ್ಲಿ ಇರ್ತೈತಿ?"

"ನನಗ ಗೊತ್ತಿಲ್ರಿ. ಅದಕ್ಕ ಬಿಟ್ಟಿದ್ದೆ." ಒದ್ದೆ ಬಟ್ಟೆಯನ್ನು ಮಡಚಿಟ್ಟು ಮತ್ತೆ ಹೇಳಿದಳು. "ಇಡೀ ಗೊಂಬಿ ಎಬ್ಬಸಾಕ ಒಂದೂವರಿ ದಿನ ಹಿಡೀತು. ಆ ಮುರಿದ ಜಾಗಾ ಮಾಡಾಕ ಮೂರ ದಿನ ಹಿಡಿದಿತ್ತ್ರಿ."

ಅಷ್ಟು ಹೇಳಿ ನೀರು ತರಲು ಹೋದಳು. ನಾನು ಅಲ್ಲೇ ನಿಂತೆ. ಕಸವೆಂದು ತಿಳಿದು ನಾನು ಮುಚ್ಚಿಹಾಕಿದ್ದು ಆಕೆಯ ಕೈಯಿಂದ ಬಂದ ಎಲ್ಲಕ್ಕಿಂತ ಒಳ್ಳೆಯ ಕೆಲಸ. ಸಮಾಧಾನದ ಮಾತು ನನಗೇ ಬೇಕಾಗಿತ್ತು.

ಮಾರನೆಯ ದಿನ ಆಕೆ ತಂತಿಯಿಂದ ನನ್ನ ಕೈಯನ್ನು ಕೊರೆದು ತೆಗೆದಳು. ಮೂಗನ್ನು ಒಂದೇ ಸಲಕ್ಕೆ ಕಿತ್ತಳು, ಅದರಲ್ಲಿ ಸ್ವಲ್ಪ ಸಿಟ್ಟು ಇತ್ತೆಂದು ನನ್ನ ಗುಮಾನಿ. ಆಮೇಲೆ ಕೆಂಪು ಕಲ್ಲಿನ ಒಂದು ತುಂಡನ್ನು ಸುತ್ತಿಗೆಯಿಂದ ಒಡೆದು, ಒಡೆದ ಮುಖವನ್ನು ಹಸಿ ಮಣ್ಣಿಗೆ ಒತ್ತಿ, ಕಲ್ಲು ಮುರಿದಾಗ ಬರುವ ಆ ತರಿತರಿಯನ್ನು ಇಳಿಸಿದಳು. ಅದರ ಮೇಲೆ ಸಣ್ಣ ಬ್ರಷ್ಷಿನಿಂದ ನೀರು ಸವರಿ ಅಂಚುಗಳನ್ನು ಸವೆಸಿದಳು. ಒಂದು ಮಳೆಗಾಲವನ್ನು ಒಂದೊಂದು ಹನಿಯಾಗಿ ಸವೆಸುತ್ತಿದ್ದಾಳೆ ಅನ್ನಿಸಿತು. ಒಂದು ಸಲ ಒತ್ತಿದ್ದು ಸರಿ ಬರದಿದ್ದರೆ ಮತ್ತೆ ಕೊರೆದು ಮತ್ತೆ ಮೊದಲಿನಿಂದ. ನಾನು ಮಗ್ಗ ನಿಲ್ಲಿಸಿ ನೋಡಿದೆ. ಹಬ್ಬಕ್ಕೂ ನಿಲ್ಲಿಸದ ಮಗ್ಗ.

ಎರಡನೆಯ ದಿನ ಇದೇ ನಡೆದಾಗ ಹೇಳದೆ ಕೇಳದೆ ಗೆಳೆಯ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಬ್ಬಿನ ಗಣಿಕೆ. ಬಾಗಿಲಲ್ಲೇ ನಿಂತ.

"ಏನ ನಡಸ್ಯಾಳ್ಲೇ ಸೊಸಿ?"

"ಮುರ್ಯಾಕತ್ತಾಳ" ಅಂದೆ. ಸುಳ್ಳು ಹೇಳಲು ಆ ದಿನ ಮನಸ್ಸು ಬರಲಿಲ್ಲ. "ನಾ ಕೈ ಹಚ್ಚಿದ್ದೆ. ತಗದ ಮತ್ತ ಮುರ್ಯಾಕತ್ತಾಳ. ನೀ ಬೈಯೂದಿದ್ರ ನನ್ನ ಬೈ. ಆಕೀ ಮಾಡಿದ್ದ ಖರೆ ಐತಿ."

ಅವನು ನನ್ನ ಮುಖ ನೋಡಿದ. ಅರವತ್ತು ವರ್ಷದಲ್ಲಿ ನಾನು ಅವನ ಮುಂದೆ ತಪ್ಪು ಒಪ್ಪಿದ್ದು ಅದೇ ಮೊದಲು, ಇದರಲ್ಲೂ ಏನಾದರೂ ಮಸಲತ್ತು ಇದೆಯೇ ಎಂದು ಹುಡುಕುತ್ತಿದ್ದ. ಆಮೇಲೆ ಒಳಗೆ ಬಂದು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮುರಿದ ಜಾಗದ ಕಡೆ ಅವನು ನೋಡಲೇ ಇಲ್ಲ. ಡೊಳ್ಳಿನವನ ಹೆಗಲನ್ನು ನೋಡುತ್ತಿದ್ದ.

"ಯವ್ವಾ, ಈ ಹೆಗಲ ನೀ ಮಾಡಿದ್ದೋ, ಅಲ್ಲಿ ಕಲ್ಲಿನ್ಯಾಗೂ ಹಿಂಗ ಐತೋ?"

"ಅಲ್ಲಿ ಇದ್ದಂಗ ಮಾಡೇನ್ರಿ. ಬೆರಳ ಅಳತಿ ತಗೊಂಡ ಬಂದೇನಿ."

ಗೆಳೆಯ ಕಬ್ಬನ್ನು ಕೆಳಗಿಟ್ಟು ಎದ್ದ. ಇಲ್ಲದ ಡೊಳ್ಳನ್ನು ಹೊಟ್ಟೆಗೆ ಬಿಗಿದುಕೊಂಡು ಕಾಲು ಅಗಲಿಸಿ ನಿಂತ. ಬಲಗೈಯನ್ನು ಮೇಲೆತ್ತಿದ, ಕಿವಿಗಿಂತಲೂ ಮೇಲೆ. ಅವನ ಹೆಗಲ ಮೂಳೆ ಮೇಲಕ್ಕೆ ಸರಿಯಿತು, ಕುತ್ತಿಗೆ ಎಡಕ್ಕೆ ವಾಲಿತು, ಹೊಟ್ಟೆ ಮುಂದೆ ಬಂತು. ನಾನು ಅವನನ್ನು ನೋಡಿದೆ, ಮಣ್ಣಿನವನನ್ನು ನೋಡಿದೆ. ಅದೇ ಹೆಗಲು. ಅದೇ ವಾಲಿದ ಕುತ್ತಿಗೆ.

"ಕೈ ಮ್ಯಾಲ ಐತಿ" ಅಂದ. "ಹೊಡತ ಇನ್ನೂ ಬಿದ್ದಿಲ್ಲ."

ಸೊಸೆಯ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಮಗ್ಗ ಮೊದಲೇ ನಿಂತಿತ್ತು. ಸಾವಿರ ವರ್ಷದಿಂದ ಕೈ ಇಲ್ಲದೆ ಎತ್ತಿ ಹಿಡಿದ ಹೊಡೆತವೊಂದು ನಮ್ಮ ನೆತ್ತಿಯ ಮೇಲೆ ಇತ್ತು.

"ಹಂಗಾರ ಕೈ ಮ್ಯಾಲ ಮಾಡಿ ಹಚ್ಚಲೇನ್ರಿ?" ಎಂದು ಸೊಸೆ ಮೆಲ್ಲಗೆ ಕೇಳಿದಳು. ಆಕೆ ಹಾಗೆ ಕೇಳಿದ್ದಕ್ಕೆ ಕಾರಣ ಜಾಗದ ಚಿಂತೆ ಎಂದು ನನಗೆ ಗೊತ್ತಿತ್ತು.

"ಬ್ಯಾಡವಾ. ಹಚ್ಚಿದ್ರ ಅದ ಒಂದ ಕಡೆ ನಿಂತಬಿಡತೈತಿ. ಹಿಂಗ ಇರ್ಲಿ. ನಾ ಒಪ್ಪೇನಿ. ಮನ್ಯಾಕಿ ಒಪ್ಪತಾಳೋ ಇಲ್ಲೋ, ಅದನ್ನ ನಾ ಹೇಳೂದಿಲ್ಲ. ಆಕೀ ಒಲ್ಲೆ ಅಂದ್ರ ಗ್ವಾಡಿಂದ ಇಳಿಸಿ ಕಳಸಾಂವನ."

ಮನೆಯಾಕೆ ಎಂದರೆ ಆ ಮನೆಯಲ್ಲಿ ಸುಪ್ರೀಂ ಕೋರ್ಟು.

ಎರಕವಾಯಿತು. ತೋಟದ ತನಕ ಟೆಂಪೋದಲ್ಲಿ, ಅಲ್ಲಿಂದ ಐದು ಮಂದಿ ಹೊತ್ತು ಒಯ್ದೆವು, ಅಂದರೆ ನಾಲ್ವರು ಹೊತ್ತರು, ನಾನು ದಾರಿ ತೋರಿಸಿದೆ. ತೋಟದಲ್ಲಿ ದಕ್ಷಿಣಕ್ಕೆ ಮುಖವಿದ್ದ ಗೋಡೆಗೆ ಹಲಗೆ ಏರಿತು. ಹುಣ್ಣಿಮೆಯ ದಿನ ಮನೆ ಒಕ್ಕಲು. ಮಗ, ಸೊಸೆ, ನಾನು, ಹೆಂಡತಿ ಎಲ್ಲರೂ ಹೋದೆವು. ಮಧ್ಯಾಹ್ನದ ಊಟಕ್ಕೆ ಮೊದಲು ಬಂದವರೆಲ್ಲ ಗೋಡೆಯ ಮುಂದೆ ನಿಂತರು. ಸೂರ್ಯ ಎದುರಿಗಿದ್ದ. ಬಿಸಿಲು ನೇರ ಮುಖಕ್ಕೆ ಬಿದ್ದು ಹಲಗೆ ಚಪ್ಪಟೆಯಾಗಿ ಕಾಣುತ್ತಿತ್ತು. ಶೆಡ್ಡಿನಲ್ಲಿ ಎದ್ದು ಕುಣಿಯುತ್ತಿದ್ದವರು ಇಲ್ಲಿ ಅಂಟಿಸಿದ ಭಕ್ಕರಿಯ ಹಾಗೆ ಮಲಗಿದ್ದರು. ಮುರಿದ ಕೈಯ ಜಾಗ ಮಾತ್ರ ಎಲ್ಲರ ಕಣ್ಣಿಗೂ ಬಿತ್ತು.

"ಅಣ್ಣಾರ, ಇದೇನ್ರಿ? ಹೊಸಾ ಮನಿಗೆ ಮುರಿದ ಗೊಂಬಿ" ಎಂದು ಗೆಳೆಯನ ಹೆಂಡತಿ ನನ್ನನ್ನೇ ಕೇಳಿದಳು. ಅಪರಾಧಿ ಯಾರೆಂದು ನಮ್ಮ ಕಡೆ ಯಾರಿಗೂ ಅನುಮಾನ ಬರುವುದಿಲ್ಲ.

"ವೈನಿ, ಊಟಾ ಆಗ್ಲಿ, ಆಮ್ಯಾಗ ಬೈರಿ. ಹಸದ ಹೊಟ್ಟಿಲೆ ಬೈಸಿಕೊಂಡ್ರ ಮೈಗೆ ಹತ್ತೂದಿಲ್ಲ."

ಮಗ ಹಲಗೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಎಲೆಯ ಮುಂದೆ ಹೋಗಿ ಕೂತ. ಸೊಸೆ ಉಣ್ಣಲಿಲ್ಲ.

ಸಂಜೆಗೆ ಬೀರೇಶ್ವರನ ಡೊಳ್ಳಿನ ಮೇಳ ಬಂತು. ಹೊರಡುವ ಹೊತ್ತಾಗಿತ್ತು, ನಾವು ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ಸೂರ್ಯ ಕಬ್ಬಿನ ತುದಿಗೆ ಇಳಿದು, ಬಿಸಿಲು ಪಡುವಣದಿಂದ ಗೋಡೆಯ ಮೈಯನ್ನು ಸವರಿಕೊಂಡು ಹರಿಯತೊಡಗಿತು. ಮೊದಲು ಎದ್ದವನು ಕೊಳಲಿನವನು. ಅವನ ಗಲ್ಲ ಉಬ್ಬಿತು. ಆಮೇಲೆ ಕುಂಡೆ ತಿರುಗಿಸಿದವನು. ಒಬ್ಬೊಬ್ಬರಾಗಿ ಗೋಡೆಯೊಳಗಿಂದ ಹೊರಗೆ ಬಂದರು, ಪ್ರತಿಯೊಬ್ಬನ ಹಿಂದೆ ಕಪ್ಪನೆಯ ನೆರಳು. ಕೊನೆಗೆ ಡೊಳ್ಳಿನವನು. ಹೆಗಲು ಎದ್ದಿತು, ಕುತ್ತಿಗೆ ವಾಲಿತು, ಮುರಿದ ತುದಿಯ ಮೇಲಿನ ತರಿತರಿ ಒಂದೊಂದೂ ಬೆಂಕಿ ಹಿಡಿದ ಹಾಗೆ ಹೊಳೆಯಿತು. ನಾನು ಆ ಹಲಗೆಯನ್ನು ಮಣ್ಣಿನ ಮುದ್ದೆಯಾಗಿದ್ದಾಗಿನಿಂದ ನೋಡಿದವನು, ಅದರ ಮೂಗಿಗೆ ನನ್ನ ಮೂಗು ಅಂಟಿಸಿದವನು. ಆದರೂ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟೆ.

ಮೇಳದವರಲ್ಲಿ ಒಬ್ಬ ಮುದುಕ ಡೊಳ್ಳನ್ನು ಕೊರಳಲ್ಲೇ ಇಟ್ಟುಕೊಂಡು ಗೋಡೆಯ ಹತ್ತಿರ ಹೋದ. ಮುರಿದ ಕೈಯವನ ಎದುರು ನಿಂತು ತನ್ನ ಕೈ ಎತ್ತಿದ, ಹೊಡೆಯಲಿಲ್ಲ, ಇಳಿಸಿದ. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ ಭಂಡಾರ ತೆಗೆದ. ಅರಿಷಿಣದ ಆ ಪುಡಿ ಒಂದು ಸಲ ಹಣೆಗೆ ಬಿತ್ತೆಂದರೆ ಅದು ದೇವರಾಯಿತು. ದೇವರಾದ ಮೇಲೆ ಮುಕ್ಕಾಗಿರುವಂತಿಲ್ಲ. ಹೊಳೆಯೇ ಗತಿ.

"ಮುತ್ಯಾ, ತಡೀರಿ" ಎಂದು ಗೆಳೆಯನ ಹೆಂಡತಿ ನಡುವೆ ಬಂದು ನಿಂತಳು. "ಭಂಡಾರ ಹಚ್ಚಬ್ಯಾಡ್ರಿ. ಇಂವಾ ದೇವರಲ್ಲ. ದೇವರ ಮುಂದ ಬಾರಸಾಂವಾ. ಕೈ ಹೋದ್ರೂ ಬಾರಸಾಕತ್ತಾನ ನೋಡ್ರಿ. ಇಂವಾ ಇಲ್ಲೇ ಇರ್ಲಿ."

ಮುದುಕ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡ. ಮೇಳ ಶುರುವಾಯಿತು. ಬಿಸಿಲು ಪೂರ್ತಿ ಇಳಿಯುವ ತನಕ ಯಾರೂ ಗೋಡೆಗೆ ಬೆನ್ನು ಹಾಕಲಿಲ್ಲ. ನನ್ನ ಮಗನನ್ನು ಹುಡುಕಿದೆ. ಅವನು ಎಲ್ಲರಿಗಿಂತ ಹಿಂದೆ, ಹಲಗೆಯನ್ನಲ್ಲ, ಬಿಸಿಲು ಬರುತ್ತಿದ್ದ ದಿಕ್ಕನ್ನು ನೋಡುತ್ತ ನಿಂತಿದ್ದ.

ಬರುವಾಗ ಟೆಂಪೋದಲ್ಲಿ ಸೊಸೆ ಮುಂದೆ, ನಾವು ಹಿಂದೆ.

"ಅಪ್ಪಾ, ಶೆಡ್ಡಿನ ಪಡುವಣ ಗ್ವಾಡಿಗೆ ಒಂದ ಖಿಡಕಿ ಒಡಸಬೇಕ ಅಂತೇನಿ" ಎಂದು ಮಗ ಹೇಳಿದ.

"ಯಾಕೋ? ಮಗ್ಗಕ್ಕ ಬಿಸಲ ಬಿದ್ರ ನೂಲ ಒಣಗಿ ಹರೀತೈತಿ."

"ಮಗ್ಗಕ್ಕಲ್ಲ. ಹಲಗಿಗೆ."

ನಾನು ಇನ್ನೂ ಒಂದು ಮಾತು ಕೆಣಕಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ. ಸೊಸೆ ತಿರುಗಿ ನೋಡಲಿಲ್ಲ. ಮುಂದಿನ ದಾರಿಯನ್ನೇ ನೋಡುತ್ತ, "ನೆಲದಿಂದ ಎರಡ ಮೊಳಾ ಮ್ಯಾಲ ಇರಲ್ರಿ" ಅಂದಳು.